ಬಾಯಿಂದ ತುಂಬುವ ಕೋವಿಗೆ ಯಾವ ಚೋಕ್, ಯಾವ ವಾಡ್? ಮೂರು ನಳಿಗೆ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಚೋಕ್ ಅಂದರೆ ಚರೆ (ಈಡಿನಲ್ಲಿ ಹಾಕುವ ಲೋಹದ ಸಣ್ಣ ಕಾಳು) ಚೆದುರದೆ ಒತ್ತಾಗಿ ಹೋಗಲಿ ಅಂತ ನಳಿಗೆಯ ಬಾಯಿಯ ಹತ್ತಿರ ಮಾಡುವ ಬಿಗಿ. ವಾಡ್ ಅಂದರೆ ಮದ್ದಿಗೂ ಚರೆಗೂ ನಡುವೆ ತುರುಕುವ ಅಡ್ಡೆ. ನನ್ನ ಮತ ಜಗ್ ಚೋಕ್ ಕೊರೆಸಿದ ನಳಿಗೆಗೆ, ಅಂದರೆ ಬಾಯಿ ಕಿರಿದು ಮಾಡದೆ ಒಳಗೋಡೆ ಕೊರೆದು ಮಾಡಿದ ಚೋಕ್‌ಗೆ. ಬಾಯಿಗೆ ಚೋಕ್ ತಿರುಪಿ ಕೂರಿಸುವ ಕೋವಿಯನ್ನು ಒಂದು ಸೀಸನ್ ಪೂರ್ತಿ ಬಳಸಿ ನೋಡಿ ಈಗ ಮಾರಾಟಕ್ಕೆ ಇಟ್ಟಿದ್ದೇನೆ. ಚೋಕೇ ಇಲ್ಲದ ಜೋಡು ನಳಿಗೆ ಕೋವಿ ಮಾತ್ರ ಮನೆ ಬಿಟ್ಟು ಹೋಗುವುದಿಲ್ಲ, ಅದಕ್ಕೆ ಬೇರೆ ಕೆಲಸ ಇದೆ. ಮೂರೂ ಹನ್ನೆರಡು ಬೋರಿನವು, ಮೂರೂ ಕೇಪು (ಬಡಿದರೆ ಕಿಡಿ ಹಾರಿ ಮದ್ದಿಗೆ ಬೆಂಕಿ ಹತ್ತಿಸುವ ಪುಟ್ಟ ಲೋಹದ ಟೋಪಿ) ಹಾಕುವ ಕೋವಿಗಳು, ಮೂರಕ್ಕೂ ಹಾಕಿದ್ದು ಅದೇ 2ಎಫ್ ಅನ್ನುವ ಮಧ್ಯಮ ಕಾಳಿನ ಕರಿಮದ್ದು. ಹಾಗಾಗಿ ಒಂದರ ಪಕ್ಕ ಒಂದಿಟ್ಟು ನೋಡಲು ಅಡ್ಡಿಯಿಲ್ಲ.

ನಾನಿರುವುದು ಅಮೆರಿಕದ ಇಂಡಿಯಾನಾದಲ್ಲಿ. ಇಲ್ಲಿ ಫ್ರೆಂಡ್‌ಶಿಪ್ ಅಂತ ಒಂದು ಪುಟ್ಟ ಊರಿದೆ. 1933ರಲ್ಲಿ ಹುಟ್ಟಿದ ನ್ಯಾಷನಲ್ ಮಝಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ (ಬಾಯಿಂದ ತುಂಬುವ ಕೋವಿಯವರ ಸಂಘ) ಇದರ ಶೂಟಿಂಗ್ ಮೈದಾನ ಅಲ್ಲೇ ಇರುವುದು. ಆ ಕಡೆಯವರಿಗೆ ಇಂಥ ಕೋವಿ ಗೋಡೆಗೆ ನೇತುಹಾಕುವ ವಸ್ತುವಲ್ಲ, ವಾರಾಂತ್ಯಕ್ಕೆ ಹೊತ್ತುಕೊಂಡು ಹೋಗಿ, ಗುರಿಗೆಂದು ಗಾಳಿಗೆ ಹಾರಿಸುವ ಮಣ್ಣಿನ ತಟ್ಟೆ ಒಡೆಯುವ ಸಾಮಾನು. ನನಗೂ ಅದೇ ಹುಚ್ಚು. ಊರು ಕೊಪ್ಪದ ಕಡೆ. ತೋಟಕ್ಕೆ ಬರುವ ಹಂದಿ, ಮಂಗ ಬೆದರಿಸಲು ಬೆಳೆ ರಕ್ಷಣೆ ಲೈಸೆನ್ಸಿನ ಕೇಪಿನ ಕೋವಿ ಅಜ್ಜಯ್ಯನ ಹತ್ತಿರ ಇತ್ತು. ಚುನಾವಣೆ ಬಂತೆಂದರೆ ಠಾಣೆಗೆ ಕೊಟ್ಟು ಬರುವುದು, ಮುಗಿದ ಮೇಲೆ ತರುವುದು. ಅವರು ಮದ್ದಿನ ಮೇಲೆ ತುರುಕುತ್ತಿದ್ದದ್ದು ತೆಂಗಿನ ನಾರಿನ ಉಂಡೆ. ಸದ್ದು ಮಾಡಲು ಅದು ಧಾರಾಳ ಸಾಕು. ಚರೆ ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಇಡುವವರಿಗೆ ಸಾಲದು.

ಅಂಗಡಿಯ ಪಟ್ಟಿಯಲ್ಲಿ ಸಿಗುವ ಉದ್ದ, ತೂಕ, ಮರದ ಜಾತಿ ಇಲ್ಲಿ ಬರೆಯುವುದಿಲ್ಲ. ವಿಷಯ ಒಂದೇ. ನಳಿಗೆಯ ಬಾಯಿ ಬಿಗಿಯಾದಷ್ಟೂ ಚರೆ ಒತ್ತಾಗಿ ಹೋಗುತ್ತದೆ. ಆದರೆ ಈ ಕೋವಿಗೆ ವಾಡ್ ಹೋಗಬೇಕಾದದ್ದೂ ಅದೇ ಬಾಯಿಂದ. ಜಗಳ ಇರುವುದೇ ಅಲ್ಲಿ.

ಚೋಕ್ ಬಂದಿದ್ದೇ ಈ ಕೋವಿಗಳ ಕಾಲ ಮುಗಿಯುತ್ತಾ ಬಂದಾಗ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಕೋವಿ ತಯಾರಕ ಡಬ್ಲ್ಯು. ಆರ್. ಪೇಪ್ ಅದರ ಪೇಟೆಂಟ್ ಪಡೆದದ್ದು 1866ರಲ್ಲಿ. ಇತ್ತ ಇಲಿನಾಯ್ ರಾಜ್ಯದ ಬಾತುಕೋಳಿ ಬೇಟೆಗಾರ ಫ್ರೆಡ್ ಕಿಂಬಲ್, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಬಾಯಿಂದ ತುಂಬುವ ಒಂಟಿ ನಳಿಗೆಗೆ ತಾನೇ ಚೋಕ್ ಕೊರೆದೆ ಎಂದು ಮುಂದೆ ಹೇಳಿಕೊಂಡ. ತಿರುಪಿ ಬಿಚ್ಚುವ ಚೋಕ್ ಕೂಡ ಹೊಸದೇನಲ್ಲ, ಸಿಲ್ವೆಸ್ಟರ್ ರೋಪರ್ ಎಂಬಾತ 1868ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ರೋಪರ್‌ನದು ಹಿಂದಿನಿಂದ ತುಂಬುವ ಕೋವಿ, ಅವನಿಗೆ ಬಾಯಿಯ ಚಿಂತೆ ಇರಲಿಲ್ಲ. 1875ರಲ್ಲಿ ಲಂಡನ್ನಿನಲ್ಲಿ ಚೋಕ್ ಇರುವ ನಳಿಗೆಗೂ ಇಲ್ಲದ ನಳಿಗೆಗೂ ದೊಡ್ಡ ಪರೀಕ್ಷೆ ನಡೆದು ಚೋಕ್‌ನ ಹೆಸರು ಹಬ್ಬುವ ಹೊತ್ತಿಗೆ ತೋಟೆ (ಕಾರ್ಟ್ರಿಜ್) ಕೋವಿಗಳು ಆಗಲೇ ಪೇಟೆಗೆ ಬಂದಾಗಿತ್ತು. ಅದಕ್ಕೇ ಹಳೇ ಕೇಪಿನ ಕೋವಿಗಳಲ್ಲಿ ಹೆಚ್ಚಿನವು ಈ ತುದಿಯಿಂದ ಆ ತುದಿಗೆ ಒಂದೇ ಅಳತೆ, ಬರೀ ಕೊಳವೆ.

ಈಗ ತಿರುಪಿನ ಚೋಕ್ ಕೋವಿಗೆ ಬರೋಣ. ಇದು ಈಗಿನ ಕಾಲದಲ್ಲಿ ಮಾಡಿದ ಒಂಟಿ ನಳಿಗೆ. ನಾನು ಕೊಂಡದ್ದು ಬಳಸಿದ ಕೋವಿ, ಜೊತೆಗೆ ಫುಲ್ ಚೋಕ್, ಅಂದರೆ ತುಂಬ ಬಿಗಿಯಾದದ್ದು, ಬಂದಿತ್ತು. ಕಾಗದದ ಮೇಲೆ ಇದಕ್ಕೆ ಯಾವ ಕೊರತೆಯೂ ಇಲ್ಲ. 40 ಯಾರ್ಡ್ ದೂರದಲ್ಲಿ ಕಾಗದ ಕಟ್ಟಿ 30 ಇಂಚಿನ ವೃತ್ತ ಬರೆದು ಹೊಡೆದರೆ ಫುಲ್ ಚೋಕ್ ಸುಮಾರು ನೂರಕ್ಕೆ 70 ಚರೆ ಒಳಗೆ ಹಾಕಬೇಕು ಅನ್ನುವುದು ರೂಢಿಯ ಲೆಕ್ಕ, ಚೋಕ್ ಇಲ್ಲದ ನಳಿಗೆಯಿಂದ 40ರಷ್ಟು. ನನ್ನದು ಆ 70ರ ಆಸುಪಾಸಿಗೆ ಬರುತ್ತಿತ್ತು. ಹೊಡೆತದ ವಿಷಯದಲ್ಲಿ ದೂರಿಲ್ಲ.

ದೂರು ತುಂಬುವುದರಲ್ಲಿ. ಹನ್ನೆರಡು ಬೋರ್ ಅಂದರೆ ಒಳಗಿನ ಅಗಲ 18.5 ಮಿಲಿಮೀಟರ್. ಫುಲ್ ಚೋಕ್ ಬಾಯಿಯಲ್ಲಿ ಅದರಿಂದ ಹತ್ತಿರ ಹತ್ತಿರ 1 ಮಿಲಿಮೀಟರ್ ಕಡಿಮೆ ಮಾಡುತ್ತದೆ. ಮದ್ದಿನ ಮೇಲೆ ಕೂರುವ ಗಟ್ಟಿ ರಟ್ಟಿನ ಬಿಲ್ಲೆ ಇದೆಯಲ್ಲ, ಎಂಟನೇ ಒಂದು ಇಂಚು ದಪ್ಪದ್ದು, ಅದು ಗಾಳಿ ಬಿಡದ ಹಾಗೆ ನಳಿಗೆಗೆ ಅಂಟಿಕೊಂಡು ಕೂರಬೇಕು. ಅಂದರೆ ಅದರ ಅಗಲ 18.5ಕ್ಕಿಂತ ಕೂದಲಷ್ಟು ಜಾಸ್ತಿಯೇ ಇರಬೇಕು. ಈಗ ಅದನ್ನು 17.5ರ ಬಾಯಿಂದ ತುರುಕಿ ನೋಡಿ. ಹೋಗುವುದಿಲ್ಲ. ಜೋರು ಮಾಡಿದರೆ ಅಂಚು ಮುರಿದು, ಬಿಲ್ಲೆ ಬಟ್ಟಲಾಗಿ, ಒಳಗೆ ಹೋದ ಮೇಲೆ ಓರೆಯಾಗಿ ಕೂರುತ್ತದೆ. ಓರೆಯಾದ ಬಿಲ್ಲೆಯ ಪಕ್ಕದಿಂದ ಬೆಂಕಿ ನುಗ್ಗಿ ಚರೆಯ ನಡುವೆ ಹಾಯುತ್ತದೆ. ಕಾಗದದಲ್ಲಿ ನಡುವೆ ಖಾಲಿ, ಸುತ್ತ ಉಂಗುರ.

ಅದಕ್ಕೆ ಈ ಕೋವಿಯ ಜೊತೆ ಬರುವ ಸೂಚನೆಯೇ ಹೀಗಿದೆ: ಚೋಕ್ ಬಿಚ್ಚು, ತುಂಬು, ಮತ್ತೆ ಚೋಕ್ ಕೂರಿಸು. ಪ್ರತಿ ಈಡಿಗೂ. ಓದುವಾಗ ಸಣ್ಣ ಕೆಲಸ ಅನ್ನಿಸುತ್ತದೆ. ಟ್ರ್ಯಾಪ್ (ನಮ್ಮಿಂದ ದೂರಕ್ಕೆ ಹಾರುವ ತಟ್ಟೆಗೆ ಹೊಡೆಯುವ ಆಟ) ಸಾಲಿನಲ್ಲಿ ನಿಂತು ಮಾಡಿ ನೋಡಿದರೆ ಗೊತ್ತಾಗುತ್ತದೆ. ಎರಡು ಮೂರು ಈಡು ಹೊಡೆಯುವಷ್ಟರಲ್ಲಿ ತಿರುಪಿನ ಹಲ್ಲುಗಳಲ್ಲಿ ಕರಿಮದ್ದಿನ ಮಸಿ ಕೂತಿರುತ್ತದೆ. ಈ ಮಸಿ ಒಣಗಿದ್ದಾಗ ಕಲ್ಲು, ಸೆಕೆಗೆ ನೀರು ಹೀರಿಕೊಂಡರೆ ಅಂಟು. ಮೊದಲ ಸಲ ಬೆರಳಲ್ಲೇ ತಿರುಗಿದ ಚೋಕ್‌ಗೆ ಆಮೇಲೆ ಕೀಲಿ ಬೇಕು, ಇನ್ನೂ ಸ್ವಲ್ಪ ಹೊತ್ತಿಗೆ ಕೀಲಿಯ ಜೊತೆ ಎರಡೂ ಕೈ ಬೇಕು. ಹಲ್ಲಿಗೆ ತಾಮ್ರದ ಗ್ರೀಸ್ ಬಳಿದೆ. ಸ್ವಲ್ಪ ಸುಧಾರಿಸಿತು, ಬದಲಿಗೆ ಅಂಗೈ, ಅಂಗಿ ತೋಳು, ಮದ್ದಿನ ಅಳತೆ ಕೊಳವೆ ಎಲ್ಲ ಗ್ರೀಸು. ಇನ್ನೊಂದು, ಚೋಕ್ ಬಿಚ್ಚಿದಾಗ ಆ ಹಲ್ಲುಗಳು ಬರಿದಾಗಿ ನಿಲ್ಲುತ್ತವೆ, ವಾಡ್ ಅವುಗಳ ಮೇಲೆ ಉಜ್ಜಿಕೊಂಡೇ ಕೆಳಗೆ ಇಳಿಯಬೇಕು. ಪ್ರತಿ ಸಲವೂ ರಟ್ಟಿನ ಸಣ್ಣ ಎಳೆಗಳು ಹಲ್ಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅವನ್ನು ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯದಿದ್ದರೆ ಚೋಕ್ ಪೂರ್ತಿ ಕೂರುವುದಿಲ್ಲ. ಪೂರ್ತಿ ಕೂರದ ಚೋಕ್ ಇಟ್ಟು ಹೊಡೆದರೆ ಚರೆ ಅದರ ಅಂಚಿಗೆ ಬಡಿದು ನಳಿಗೆಯ ಬಾಯೇ ಹಾಳಾಗುತ್ತದೆ.

ಇಷ್ಟೆಲ್ಲ ಸಹಿಸಿಕೊಳ್ಳಬಹುದು. ನನಗೆ ಸಹಿಸಲು ಆಗದ್ದು ಬೇರೆ. ಮದ್ದು, ವಾಡ್, ಚರೆ ಎಲ್ಲ ತುಂಬಿಯಾದ ಕೋವಿಯ ಬಾಯಿಗೆ ಎರಡೂ ಕೈ ಹಾಕಿ ಲೋಹದ ತುಂಡು ತಿರುಪುತ್ತಾ ನಿಲ್ಲಬೇಕು. ಕೇಪು ಹಾಕಿರುವುದಿಲ್ಲ, ಸರಿ. ಕೇಪಿಗೆ ಬಡಿಯುವ ಕುದುರೆ ಅರ್ಧಕ್ಕೆ ನಿಂತಿರುತ್ತದೆ, ಸರಿ. ಆದರೂ ತುಂಬಿದ ಕೋವಿಯ ಬಾಯಿಗೆ ಮುಖ, ಅಂಗೈ ಅಡ್ಡ ತರಬೇಡ ಅನ್ನುವುದು ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮೊದಲ ಪಾಠ. ಗಜ (ಈಡು ಒಳಗೆ ಜಡಿಯುವ ಕೋಲು) ಹಾಕಿ ಜಡಿಯುವಾಗಲೂ ನಾವು ಅದನ್ನು ಬೆರಳ ತುದಿಯಲ್ಲಿ ಹಿಡಿಯುವುದು, ಅಂಗೈಯನ್ನು ಗಜದ ತುದಿಗೆ ಒತ್ತುವುದಿಲ್ಲ, ಅಲ್ವಾ. ಇಲ್ಲಿ ಪ್ರತಿ ಈಡಿಗೂ ಆ ಪಾಠ ಮುರಿಯಬೇಕು. ಸಾಲಿನಲ್ಲಿ ನಾಲ್ಕು ಜನ ಕಾಯುತ್ತಿರುವಾಗ ಅವಸರದಲ್ಲಿ ಮುರಿಯಬೇಕು. ನನಗೆ ಬೇಡ.

ಚೋಕ್ ಬಿಚ್ಚದೆ ತುಂಬುವ ದಾರಿಯೂ ಇದೆ. ಗಟ್ಟಿ ಬಿಲ್ಲೆ ಬಿಟ್ಟು, ಚರೆಯ ಮೇಲೆ ಹಾಕುವ ತೆಳು ಬಿಲ್ಲೆಗಳನ್ನೇ ಮೂರು ನಾಲ್ಕು ಮದ್ದಿನ ಮೇಲೂ ಹಾಕುವುದು. ಒಂದೊಂದನ್ನೇ ಅಡ್ಡ ಹಿಡಿದು ಬಾಯಿ ದಾಟಿಸಿ, ಒಳಗೆ ಗಜದಿಂದ ಮಟ್ಟ ಮಾಡುವುದು. ಅಥವಾ ಉಣ್ಣೆಯ ಫೆಲ್ಟ್ ವಾಡ್. ಅದು ಕುಗ್ಗಿ ಬಾಯಿ ದಾಟಿ ಒಳಗೆ ಮತ್ತೆ ಅರಳುತ್ತದೆ. ಎರಡರಲ್ಲಿ ಫೆಲ್ಟ್ ವಾಸಿ, ಆದರೆ ದುಬಾರಿ. ತೆಳು ಬಿಲ್ಲೆಗಳು ಒಳಗೆ ಮಟ್ಟಸವಾಗಿ ಕೂತವೋ ಇಲ್ಲವೋ ಹೊರಗಿನಿಂದ ತಿಳಿಯಲು ದಾರಿಯಿಲ್ಲ. ಕಾಗದ ನೋಡಿದ ಮೇಲೇ ಗೊತ್ತಾಗುವುದು.

ಮೂರನೇ ದಾರಿ ತೋಟೆ ಕೋವಿಯವರ ಪ್ಲಾಸ್ಟಿಕ್ ಬಟ್ಟಲು. ಚರೆ ಅದರೊಳಗೇ ಕೂತು ಹೋಗುವುದರಿಂದ ನಳಿಗೆಗೆ ಉಜ್ಜುವುದಿಲ್ಲ, ಚರೆ ಚಪ್ಪಟೆಯಾಗುವುದಿಲ್ಲ, ಚರೆಯ ಹರವು ಇನ್ನೂ ಬಿಗಿ. ಟರ್ಕಿ ಕೋಳಿ ಬೇಟೆಯವರು ಇದನ್ನೇ ಮೆಚ್ಚುತ್ತಾರೆ. ಕರಿಮದ್ದಿನ ಬಿಸಿಗೆ ಪ್ಲಾಸ್ಟಿಕ್ ಕರಗಿ ನಳಿಗೆಗೆ ಬಳಿದುಕೊಳ್ಳುತ್ತದೆ, ಅದರ ಕೆಳಗೆ ಮಸಿ. ಸಾದಾ ಮಸಿಯಾದರೆ ಬಿಸಿನೀರು, ಒಂದಿಷ್ಟು ಸೋಪು ಹಾಕಿದರೆ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಪದರದ ಕೆಳಗೆ ನೀರು ಹೋಗುವುದಿಲ್ಲ, ಅಲ್ಲೇ ತುಕ್ಕು ಶುರು. ಸ್ಟೀಲ್ ಚರೆ ಬಳಸಲೇಬೇಕಾದವರಿಗೆ ಬೇರೆ ಗತಿಯಿಲ್ಲ, ಬಟ್ಟಲು ಇಲ್ಲದೆ ಸ್ಟೀಲ್ ಚರೆ ನಳಿಗೆಯನ್ನೇ ಗೀರುತ್ತದೆ. ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ 1991ರಿಂದ ದೇಶದ ಎಲ್ಲ ಕಡೆ ಸೀಸದ ಚರೆ ನಿಷೇಧ. ಹಳೇ ಕೋವಿ ಇಟ್ಟುಕೊಂಡವರು ಅದಕ್ಕೆ ಬಿಸ್ಮತ್ ಚರೆ ಕೊಳ್ಳುತ್ತಾರೆ. ಅದು ಮೆದು, ರಟ್ಟು ಬಿಲ್ಲೆಯ ಜೊತೆಗೇ ನಡೆಯುತ್ತದೆ, ಜೇಬಿಗೆ ಮಾತ್ರ ಭಾರ. ನಾನು ಹೊಡೆಯುವುದು ಮಣ್ಣಿನ ತಟ್ಟೆಗೆ. ಮೈದಾನದ ಹುಲ್ಲಿನ ತುಂಬ ಪ್ಲಾಸ್ಟಿಕ್ ಚೆಲ್ಲಿ ಬರಲು ನನಗೆ ಮನಸ್ಸಿಲ್ಲ.

ಇನ್ನು ಚೋಕ್ ಇಲ್ಲದ ಜೋಡು ನಳಿಗೆ. ತುಂಬುವುದು ಇಷ್ಟು ಸುಖ ಇನ್ಯಾವುದರಲ್ಲೂ ಇಲ್ಲ. ಮದ್ದು, ಗಟ್ಟಿ ಬಿಲ್ಲೆ, ಎಣ್ಣೆ ಕುಡಿಸಿದ ಅರ್ಧ ಇಂಚಿನ ನಾರಿನ ವಾಡ್, ಚರೆ, ತೆಳು ಬಿಲ್ಲೆ. ಎಲ್ಲ ನೇರ ಇಳಿಯುತ್ತವೆ. ಒಂದೇ ಒಂದು ತೊಂದರೆ ಒಳಗಿನ ಗಾಳಿ. ತೆಳು ಬಿಲ್ಲೆ ಒತ್ತುವಾಗ ಗಾಳಿ ಹೊರಬರಲು ದಾರಿಯಿಲ್ಲದೆ ಅದನ್ನು ಮೇಲಕ್ಕೆ ನೂಕುತ್ತದೆ. ಬಿಲ್ಲೆಯ ನಡುವೆ ದಬ್ಬಣದಿಂದ ಒಂದು ತೂತು ಮಾಡಿಟ್ಟುಕೊಳ್ಳಿ, ಗಾಳಿ ಸುಮ್ನೆ ಹೊರಟುಹೋಗುತ್ತದೆ. ನಾನು ಟಿವಿ ನೋಡುತ್ತಾ ಡಬ್ಬಿಗಟ್ಟಲೆ ತೂತು ಮಾಡಿ ಇಡುತ್ತೇನೆ.

ಈ ನಳಿಗೆಯಲ್ಲಿ ವಾಡ್ ಹೇಳಿದಂತೆ ಹರವು. ಚೋಕ್ ಇಲ್ಲದ್ದಕ್ಕೆ ವಾಡ್‌ನ ಪಾತ್ರ ಜಾಸ್ತಿ. ಚರೆಯ ಮೇಲೆ ಗಟ್ಟಿ ಬಿಲ್ಲೆ ಹಾಕಿದರೆ ಹರವು ಕೆಟ್ಟುಹೋಗುತ್ತದೆ, ಅಲ್ಲಿ ತೆಳುವೇ ಇರಬೇಕು. ನಾರಿನ ವಾಡ್ ಭಾರವಾದರೆ ನಳಿಗೆ ಬಿಟ್ಟ ಮೇಲೂ ಹಿಂದಿನಿಂದ ಬಂದು ಚರೆಯ ಗುಂಪಿಗೆ ಗುದ್ದುತ್ತದೆ. ಅದನ್ನು ಅರ್ಧಕ್ಕೆ ಸೀಳಿ ಕಾಲು ಇಂಚಿನದು ಹಾಕಿದಾಗ ನನ್ನ ಕಾಗದದ ನಡುವಿನ ಖಾಲಿ ಜಾಗ ತುಂಬಿತು. ಎಣ್ಣೆ ಬೇಕೇ ಬೇಕು, ಇಲ್ಲವಾದರೆ ಐದನೇ ಈಡಿಗೆ ಗಜ ಅರ್ಧದಲ್ಲೇ ನಿಲ್ಲುತ್ತದೆ. ಆದರೆ ಎಣ್ಣೆ ಮದ್ದಿಗೆ ಇಳಿಯಬಾರದು, ನಡುವಿನ ಗಟ್ಟಿ ಬಿಲ್ಲೆ ಇರುವುದು ಅದಕ್ಕೂ ಹೌದು. ಮದ್ದು ಜಾಸ್ತಿ ಹಾಕಿದರೆ ದೂರ ಹೋಗುತ್ತದೆ ಅನ್ನುವವರು ಇನ್ನೂ ಇದ್ದಾರೆ. ಜಾಸ್ತಿ ಮದ್ದು ಚರೆಯನ್ನು ಚೆದುರಿಸುತ್ತದೆ ಅಷ್ಟೇ. ನನ್ನದು ಎರಡಕ್ಕೂ ಒಂದೇ ಅಳತೆ ಕೊಳವೆ, ಚರೆ 1⅛ ಔನ್ಸ್, ಮದ್ದು ಅದೇ ಕೊಳವೆಯಲ್ಲಿ ಅದಕ್ಕಿಂತ ಒಂದು ಚೂರು ಕಡಿಮೆ, ತೂಕದಲ್ಲಿ ಅಲ್ಲ, ಕೊಳವೆ ತುಂಬುವ ಅಳತೆಯಲ್ಲಿ. ನಿಮ್ಮ ಕೋವಿ ತಯಾರಕರು ಹೇಳಿದ ಮಿತಿ ಎಷ್ಟೋ ಅದರೊಳಗೇ ಇರಿ.

ಇಷ್ಟು ಮಾಡಿದ ಮೇಲೂ 25 ಯಾರ್ಡ್ ದಾಟಿದರೆ ಈ ಕೋವಿ ಕೈ ಚೆಲ್ಲುತ್ತದೆ. ಹತ್ತಿರದಲ್ಲಿ ಅಡ್ಡ ಹಾಯುವ ತಟ್ಟೆಗೆ ಹೊಡೆಯುವ ಸ್ಕೀಟ್ ಆಟಕ್ಕೆ ಹೇಳಿ ಮಾಡಿಸಿದ್ದು, ಟ್ರ್ಯಾಪ್‌ಗೆ ಅಲ್ಲ. ಟ್ರ್ಯಾಪ್‌ನಲ್ಲಿ 16 ಯಾರ್ಡ್ ಗೆರೆಯಲ್ಲಿ ನಿಂತರೂ, ತಟ್ಟೆ ಹಾರಿ ನಾವು ಗುರಿ ಹಿಡಿಯುವಷ್ಟರಲ್ಲಿ ಅದು 30 ದಾಟಿರುತ್ತದೆ. ತಟ್ಟೆಯ ಅಗಲ 11 ಸೆಂಟಿಮೀಟರಿಗಿಂತ ಜಾಸ್ತಿ ಇಲ್ಲ, ಅದೂ ಅಂಚು ತಿರುಗಿಸಿಕೊಂಡು ಓಡುತ್ತಿರುತ್ತದೆ. ಹರವಿನ ನಡುವಿನ ತೂತಿನಲ್ಲಿ ಅದು ಪಾರಾಗಿ ಹೋಗುವುದನ್ನು ನೋಡುತ್ತಾ ನಿಲ್ಲಬೇಕು.

ಜೋಡು ನಳಿಗೆಯವರಿಗೆ ಒಂದು ಎಚ್ಚರಿಕೆ. ಒಂದು ನಳಿಗೆ ಹೊಡೆದಾಗ ಒದೆತಕ್ಕೆ ಇನ್ನೊಂದರ ಈಡು ಮುಂದಕ್ಕೆ ಜಾರಬಹುದು. ವಾಡ್ ಮತ್ತು ಮದ್ದಿನ ನಡುವೆ ಖಾಲಿ ಜಾಗ ಬಿದ್ದರೆ ನಳಿಗೆ ಸಿಡಿಯುವ ಅಪಾಯ. ಒಂದನ್ನೇ ಹೊಡೆದು ಮತ್ತೆ ತುಂಬುವಾಗ ಮೊದಲು ಇನ್ನೊಂದರ ಕೇಪು ತೆಗೆಯಿರಿ, ಆಮೇಲೆ ಅದಕ್ಕೂ ಗಜ ಹಾಕಿ, ಈಡು ಎಲ್ಲಿಗೆ ಕೂತಿರಬೇಕು ಅಂತ ಗಜದ ಮೇಲೆ ಮಾಡಿಟ್ಟ ಗುರುತು ನೋಡಿ.

ಕೊನೆಗೆ ನನ್ನ ಮೆಚ್ಚಿನದು. ಜಗ್ ಚೋಕ್‌ನಲ್ಲಿ ಬಾಯಿ ಕಿರಿದು ಮಾಡುವುದೇ ಇಲ್ಲ. ಬಾಯಿಂದ ಒಂದೆರಡು ಇಂಚು ಒಳಗೆ, ಕೆಲವು ಇಂಚು ಉದ್ದಕ್ಕೆ, ನಳಿಗೆಯ ಒಳಗೋಡೆಯನ್ನು ಕೊರೆದು ಸುಮಾರು ಮುಕ್ಕಾಲು ಮಿಲಿಮೀಟರ್ ಅಗಲ ಮಾಡುತ್ತಾರೆ. ಬಾಯಿ ಹಳೇ ಅಳತೆಗೇ ಉಳಿಯುತ್ತದೆ. ಒಳಗೆ ಹೂಜಿಯ ಆಕಾರ, ಹೊರಗಿನಿಂದ ಏನೂ ಕಾಣುವುದಿಲ್ಲ. ಚರೆ ಆ ಅಗಲ ಜಾಗದಲ್ಲಿ ಬಿಡುವಾಗಿ, ಮತ್ತೆ ಬಾಯಿಯ ಹತ್ತಿರ ಒತ್ತಾಗಿ ಹೊರಬರುತ್ತದೆ. ಚೋಕ್ ಮಾಡುವ ಕೆಲಸ ಅದೇ ತಾನೇ. ಆದರೆ ನನ್ನ ಗಟ್ಟಿ ಬಿಲ್ಲೆ, ಪೂರ್ತಿ ಅಳತೆಯದು, ಅಡ್ಡ ಹಿಡಿಯದೆ, ಮುರಿಯದೆ, ಏನನ್ನೂ ಬಿಚ್ಚದೆ ನೇರ ಇಳಿಯುತ್ತದೆ. ಅಗಲ ಜಾಗಕ್ಕೆ ಬಂದಾಗ ಗಜ ಹಿಡಿದ ಬೆರಳಿಗೆ ಒಂದು ಕ್ಷಣ ಹಗುರ ಅನ್ನಿಸುತ್ತದೆ, ಆಮೇಲೆ ಮತ್ತೆ ಬಿಗಿ. ಆ ಜಾಗದಲ್ಲಿ ಬಿಲ್ಲೆ ಓರೆಯಾಗದ ಹಾಗೆ ಗಜದ ತುದಿ ಚಪ್ಪಟೆ, ಅಗಲ ಇರಬೇಕು. ನಾನು ತುದಿಗೆ ಹಿತ್ತಾಳೆಯ ದೊಡ್ಡ ಬಿಲ್ಲೆ ಹಾಕಿಸಿಕೊಂಡಿದ್ದೇನೆ.

ನನ್ನದು ಚೋಕ್ ಇಲ್ಲದ ಒಂಟಿ ನಳಿಗೆಯಾಗಿತ್ತು, ಕಡಿಮೆ ಬೆಲೆಗೆ ಸಿಕ್ಕಿದ್ದು. ಅದನ್ನು ಈ ಕೆಲಸ ಗೊತ್ತಿರುವ ಒಬ್ಬ ಮಿಸ್ತ್ರಿಗೆ ಕಳಿಸಿ ಕೊರೆಸಿದೆ. ಕೋವಿಯ ಬೆಲೆಯಲ್ಲಿ ಅರ್ಧವೂ ಆಗಲಿಲ್ಲ. 30 ಯಾರ್ಡ್‌ನಲ್ಲಿ ಕಾಗದ ಹೊಡೆದಾಗ ತಟ್ಟೆ ನುಸುಳುವಂಥ ತೂತು ಹುಡುಕಬೇಕಾಯಿತು. ಫುಲ್ ಚೋಕ್‌ನಷ್ಟು ಬಿಗಿಯಲ್ಲ, ಮಾಡಿಫೈಡ್ ಅನ್ನುವ ಮಧ್ಯಮ ಬಿಗಿಯ ಚೋಕ್‌ಗಿಂತ ಮೇಲು. ಟ್ರ್ಯಾಪ್‌ಗೆ ಅದೇ ಸರಿ, ತೀರಾ ಬಿಗಿಯಾದರೆ ಗುರಿಗೆ ಕ್ಷಮೆಯೇ ಇರುವುದಿಲ್ಲ.

ಇದಕ್ಕೂ ಒಂದು ಕಿರಿಕಿರಿ ಇದೆ, ತೊಳೆಯುವಾಗ. ಅಗಲ ಮಾಡಿದ ಜಾಗದಲ್ಲಿ ಮಸಿ ನಿಲ್ಲುತ್ತದೆ, ನಳಿಗೆ ಅಳತೆಗೆ ಬಿಗಿಯಾಗಿ ಸುತ್ತಿದ ಬಟ್ಟೆ ಅಲ್ಲಿ ಗೋಡೆಗೆ ತಾಗದೆ ದಾಟಿಹೋಗುತ್ತದೆ. ಬಟ್ಟೆ ಬಿಳಿ ಬಂತು ಅಂತ ನಂಬಿ ಎತ್ತಿಟ್ಟರೆ ಒಳಗೆ ತುಕ್ಕು. ಒಂದು ದಪ್ಪ ಬ್ರಷ್ ಬೇರೆ ಇಟ್ಟುಕೊಂಡು ಆ ನಾಲ್ಕು ಇಂಚನ್ನು ಬೇರೆಯಾಗಿ ಉಜ್ಜಿ, ಒಣಗಿಸಿ, ಎಣ್ಣೆ ಸವರಬೇಕು.

ಎಲ್ಲ ಕೋವಿಗೂ ಇದು ಆಗುವುದಿಲ್ಲ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಬಾಯಿಯ ಹತ್ತಿರ ಗೋಡೆ ದಪ್ಪ ಇರಬೇಕು. ಹಳೇ ಜೋಡು ನಳಿಗೆಗಳು ಆ ತುದಿಯಲ್ಲಿ ತೀರಾ ತೆಳು, ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಗಳನ್ನಂತೂ ಮುಟ್ಟಲೇಬಾರದು. ಮೊದಲು ಅಳತೆ ತೆಗೆಸಿ. ಆಗುವುದಿಲ್ಲ ಅಂದರೆ ಇನ್ನೊಬ್ಬ ಮಿಸ್ತ್ರಿಯನ್ನು ಹುಡುಕಿ ಮಾಡಿಸಬೇಡಿ. ನನ್ನ ಜೋಡು ನಳಿಗೆ ಚೋಕ್ ಇಲ್ಲದೆ ಹಾಗೇ ಉಳಿದಿರುವುದು ಇದೇ ಕಾರಣಕ್ಕೆ.

ಒಂಟಿ ಗುಂಡು ಹೊಡೆಯುವ ಆಸೆ ಇದ್ದವರಿಗೆ: ಬಟ್ಟೆ ಸುತ್ತಿದ ಗುಂಡು ಜಗ್ ಚೋಕ್‌ನಲ್ಲೂ, ಚೋಕ್ ಇಲ್ಲದ್ದರಲ್ಲೂ ಇಳಿಯುತ್ತದೆ. ಫುಲ್ ಚೋಕ್ ಹಾಕಿಕೊಂಡು ಅದರ ಯೋಚನೆಯೇ ಬೇಡ.

ಹಾಗಾದರೆ ಯಾವುದು ಕೊಳ್ಳುವುದು? ಶನಿವಾರ ಟ್ರ್ಯಾಪ್ ಸಾಲಿನಲ್ಲಿ ನಿಲ್ಲುವವರು, ಒಂದೇ ಕೋವಿಗೆ ದುಡ್ಡು ಇರುವವರು, ದಪ್ಪ ಗೋಡೆಯ ಸಾದಾ ಒಂಟಿ ನಳಿಗೆ ಹುಡುಕಿ ಕೊರೆಸಿ. ಸ್ಕೀಟ್ ಮಾತ್ರ ಸಾಕು ಅನ್ನುವವರು ಕೊರೆಸುವ ದುಡ್ಡನ್ನೂ ಉಳಿಸಿ, ಅದರಲ್ಲಿ ಒಳ್ಳೇ ವಾಡ್ ಕೊಳ್ಳಿ. ವರ್ಷಕ್ಕೊಮ್ಮೆ ವಸಂತದಲ್ಲಿ ಟರ್ಕಿಗೆ ಕೂರುವವರು ಇಡೀ ಬೆಳಗ್ಗೆ ಹೊಡೆಯುವುದು ಒಂದೇ ಈಡು, ತುಂಬುವುದು ಒಂದೇ ಸಲ. ಅವರಿಗೆ ತಿರುಪಿನ ಫುಲ್ ಚೋಕ್ ಚೆನ್ನಾಗಿಯೇ ಒದಗುತ್ತದೆ. ನನ್ನದನ್ನು ಕೇಳಿಕೊಂಡು ಬಂದವರೂ ಟರ್ಕಿಯವರೇ, ಬೆಲೆ ಹೊಂದಿದರೆ ಚೋಕ್, ಕೀಲಿ, ಉಳಿದ ಗ್ರೀಸು ಎಲ್ಲ ಸೇರಿಸಿ ಕೊಡುತ್ತೇನೆ. ಪೂರ್ತಿ ಅಳತೆಯ ಬಿಲ್ಲೆಗಳ ಚೀಲ ಮಾತ್ರ ಕೊಡುವುದಿಲ್ಲ, ಅದು ಉಳಿದ ಎರಡು ಕೋವಿಗೂ ಬೇಕು.